ಸತ್ತ ಬಾವಲಿಯನ್ನು ಯಾರಿಗೆ ಕೊಡಬೇಕು? ಉಡುಪಿ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲೆಯ ಆರೋಗ್ಯ, ಪಶುಪಾಲನೆ ಮತ್ತು ಅರಣ್ಯ ಇಲಾಖೆಗಳ ಅಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಕಾರ್ಕಳ ತಾಲೂಕಿನ ಒಬ್ಬ ಸಣ್ಣ ಕೃಷಿಕ. ಸ್ವಲ್ಪ ಅಡಿಕೆ ತೋಟ, ಗುಡ್ಡೆಯಲ್ಲಿ ಒಂದಷ್ಟು ಗೇರುಮರ, ಒಂದು ಹಂಚಿನ ಮನೆ. ಮನೆಯಿಂದ ಕೂಗಳತೆ ದೂರದಲ್ಲಿ ನಮ್ಮ ಕುಟುಂಬದ ನಾಗಬನ ಇದೆ. ಬನದ ಅಂಚಿನಲ್ಲಿ ದೊಡ್ಡ ಗೋಳಿಮರ. ಅದರಲ್ಲಿ ನನ್ನ ಅಜ್ಜನ ಕಾಲದಿಂದಲೂ ಬಾವಲಿಗಳು ನೇತಾಡುತ್ತಿವೆ. ಸಂಜೆ ಅವು ಎದ್ದು ಹೊರಟರೆ ದೀಪ ಹಚ್ಚುವ ಹೊತ್ತಾಯಿತು ಎಂದು ಲೆಕ್ಕ.

ಕಳೆದ ಬೇಸಿಗೆಯಲ್ಲಿ ಆ ಮರದ ಬುಡದಲ್ಲಿ ನಡೆದ ಒಂದು ಸಂಗತಿಯನ್ನು ನಿಮ್ಮ ಮುಂದೆ ಇಡಬೇಕು. ಯಾರ ಮೇಲೂ ದೂರು ಹೇಳುವುದಕ್ಕಲ್ಲ. ಒಂದು ದಾರಿ ಇಲ್ಲದ ಕಡೆ ದಾರಿ ಮಾಡಿಕೊಡಿ ಎಂದು ಕೇಳುವುದಕ್ಕೆ.

ಶಾಲೆಗೆ ರಜೆ ಸಿಕ್ಕಿ ಮಗಳು ಮಕ್ಕಳ ಜೊತೆ ಬಂದಿದ್ದಳು. ಎಂಟು ವರ್ಷದ ಮೊಮ್ಮಗ ಬೆಳಗ್ಗೆ ಎದ್ದ ಕೂಡಲೇ ಗೋಳಿಮರದ ಅಡಿಗೆ ಓಡುತ್ತಿದ್ದ. ಬಾವಲಿಗಳು ರಾತ್ರಿ ಗೇರುಹಣ್ಣು ಕಚ್ಚಿಕೊಂಡು ಬಂದು, ಹಣ್ಣು ತಿಂದು ಬೀಜವನ್ನು ಕೆಳಗೆ ಬಿಡುತ್ತವೆ. ಆ ಬೀಜ ಹೆಕ್ಕಿ ಅಂಗಡಿಗೆ ಕೊಟ್ಟರೆ ಬರುವ ದುಡ್ಡು ಮಕ್ಕಳದ್ದು. ನಮ್ಮ ಕಾಲದಲ್ಲೂ ಹಾಗೆಯೇ ಇತ್ತು. ಅವತ್ತು ಹತ್ತು ಗಂಟೆ ಹೊತ್ತಿಗೆ ಅವನು ಕೈ ಹಿಡಿದುಕೊಂಡು ಬಂದ. "ಅಜ್ಜ, ಬಾವಲಿ ಕಚ್ಚಿತು" ಎಂದ. ಅಳುತ್ತಿರಲಿಲ್ಲ. ನಾವು ಬೈಯುತ್ತೇವೆ ಎಂಬ ಹೆದರಿಕೆ ಮಾತ್ರ ಮುಖದಲ್ಲಿತ್ತು.

ಒಂದು ದೊಡ್ಡ ಬಾವಲಿ ನೆಲಕ್ಕೆ ಬಿದ್ದಿತ್ತಂತೆ. ಬಾಯಾರಿಕೆ ಇರಬಹುದು ಎಂದು ಇವನು ತೆಂಗಿನ ಗೆರಟೆಯಲ್ಲಿ ನೀರು ತಂದು ಅದರ ಬಾಯಿಗೆ ಹಿಡಿದಿದ್ದಾನೆ. ತೋರುಬೆರಳಿನ ತುದಿಯಲ್ಲಿ ಎರಡು ಚುಕ್ಕೆ, ಸೂಜಿ ಚುಚ್ಚಿದ ಹಾಗೆ. ರಕ್ತ ಒಂದೇ ಹನಿ. ಸುಮ್ನೆ ನೋಡಿದರೆ ಮುಳ್ಳು ತಾಗಿದ್ದು ಎನ್ನಬೇಕು, ಅಷ್ಟು ಸಣ್ಣದು. ನನ್ನ ಹೆಂಡತಿ ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ನಳ್ಳಿ ಬಿಟ್ಟು, ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದಳು. ನಾಯಿ ಕಚ್ಚಿದರೆ ಹಾಗೆ ಮಾಡಬೇಕು ಎಂದು ಆಶಾ ಕಾರ್ಯಕರ್ತೆ ಹೇಳಿಕೊಟ್ಟಿದ್ದು ನೆನಪಿತ್ತು.

ನಾನು ಮರದ ಹತ್ತಿರ ಹೋದೆ. ಅದು ಇನ್ನೂ ಅಲ್ಲೇ ಇತ್ತು. ನಾಯಿಮರಿಯ ಹಾಗಿನ ಮುಖ, ಕತ್ತಿನ ಸುತ್ತ ಹೊಂಬಣ್ಣದ ರೋಮ. ಒಂದು ರೆಕ್ಕೆ ಬಿಚ್ಚಿಕೊಂಡು, ಒಣ ಎಲೆಗಳ ಮೇಲೆ ಮೊಣಕೈ ಊರಿ ತೆವಳಲು ನೋಡುತ್ತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮಧ್ಯಾಹ್ನದೊಳಗೆ ಸತ್ತಿತು.

ಮೊದಲು ಹೋದ ಆಸ್ಪತ್ರೆಯಲ್ಲಿ ಟಿಟಿ ಕೊಟ್ಟರು. "ನಾಯಿ ಅಲ್ವಲ್ಲ, ಬಾವಲಿಗೆ ರೇಬಿಸ್ ಇಂಜೆಕ್ಷನ್ ಬೇಡ" ಎಂದರು. ಮಗಳಿಗೆ ಸಮಾಧಾನ ಆಗಲಿಲ್ಲ. ಸಂಜೆ ಇನ್ನೊಂದು ಕಡೆಗೆ ಕರೆದುಕೊಂಡು ಹೋದೆವು. ಅಲ್ಲಿದ್ದ ಚಿಕ್ಕ ವಯಸ್ಸಿನ ವೈದ್ಯೆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಬಾವಲಿ ನೇರವಾಗಿ ತಾಗಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ಗಂಭೀರವಾದ ಮೂರನೇ ವರ್ಗದಲ್ಲಿ ಇಟ್ಟಿದೆ ಎಂದರು. ಆಗಲೇ ಗಾಯದ ಸುತ್ತ ರೇಬಿಸ್ ತಡೆಯುವ ಸೀರಮ್, ಎರಡೂ ತೋಳಿಗೆ ಲಸಿಕೆ ಹಾಕಿದರು. ಮತ್ತೆ 3ನೇ, 7ನೇ, 28ನೇ ದಿನ. ಹುಡುಗ ಚೆನ್ನಾಗಿದ್ದಾನೆ. ಒಂದೇ ಬೆರಳಿಗೆ ಒಂದೇ ದಿನ ಎರಡು ಉತ್ತರ ಸಿಕ್ಕಿದ್ದು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ. ನಾವು ಎರಡನೇ ಬಾಗಿಲಿಗೆ ಹೋದೆವು. ಎಲ್ಲರೂ ಹೋಗುತ್ತಾರಾ?

ಆ ವೈದ್ಯೆ ಕೇಳಿದ ಒಂದು ಪ್ರಶ್ನೆಯಿಂದಲೇ ಈ ಪತ್ರ ಹುಟ್ಟಿತು. "ಆ ಬಾವಲಿ ಇದೆಯಾ? ಪರೀಕ್ಷೆ ಮಾಡಿಸಿದರೆ ಒಳ್ಳೆಯದಿತ್ತು."

ಇತ್ತು. ಹಾರೆಯಿಂದ ಎತ್ತಿ ಅಡಿಕೆ ಹಾಳೆಯ ಮೇಲೆ ಹಾಕಿ, ಕೈ ತಾಗಿಸದೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದೆ. ಮೀನಿನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ತುಂಬಿಸಿ ಹಟ್ಟಿಯ ಹಿಂದೆ ಇಟ್ಟೆ. ಮರುದಿನ ಬೆಳಗ್ಗೆಯಿಂದ ಫೋನ್ ಮಾಡಲು ಶುರು ಮಾಡಿದೆ. ಒಂದು ಕಚೇರಿಯವರು ಇದು ಪ್ರಾಣಿಯ ವಿಷಯ ಎಂದರು. ಪ್ರಾಣಿಯ ಕಡೆಯವರು ಇದು ಕಾಡುಪ್ರಾಣಿ, ದನ ನಾಯಿ ಆದರೆ ನೋಡಬಹುದಿತ್ತು ಎಂದರು. ಕಾಡಿನ ಕಡೆಯವರು ಸತ್ತಿದ್ದರೆ ಹೂತುಬಿಡಿ ಎಂದರು. ಪಂಚಾಯತಿನಲ್ಲೂ ಅದನ್ನೇ ಹೇಳಿದರು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರಂತೂ ಪಾಪ, ಇನ್ನೆರಡು ನಂಬರು ಹುಡುಕಿ ಕೊಟ್ಟರು. ಆದರೆ "ಇದು ನಮ್ಮ ಕೆಲಸ" ಎನ್ನುವವರು ಒಬ್ಬರೂ ಸಿಗಲಿಲ್ಲ. ಮೂರು ದಿನ ಐಸ್ ತಂದು ಹಾಕಿದೆ. ನಾಲ್ಕನೇ ದಿನ ವಾಸನೆ ಶುರುವಾಯಿತು. ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂತೆ.

ಬಿಸಿಲಿಗೆ ಬಿದ್ದದ್ದೋ, ವಿದ್ಯುತ್ ತಂತಿ ತಾಗಿದ್ದೋ, ವಿಷದ ಹಣ್ಣು ತಿಂದದ್ದೋ, ಅಥವಾ ಮೆದುಳಿಗೆ ಸೋಂಕಾಗಿತ್ತೋ? ಆ ಬಾವಲಿ ಯಾಕೆ ಸತ್ತಿತು ಎಂದು ಇನ್ನು ಯಾವತ್ತೂ ಗೊತ್ತಾಗುವುದಿಲ್ಲ.

ಮಾನ್ಯರೇ, ಆಮೇಲೆ ನಾನು ಓದಿದೆ, ಗೊತ್ತಿದ್ದವರನ್ನು ಕೇಳಿದೆ. ರೇಬಿಸ್ ಎಂದರೆ ನಮಗೆಲ್ಲ ನಾಯಿ. ಅದು ತಪ್ಪಲ್ಲ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2030ರೊಳಗೆ ನಾಯಿಯಿಂದ ಬರುವ ರೇಬಿಸ್ ಇಲ್ಲದಂತೆ ಮಾಡಬೇಕು ಎಂದು ಕೇಂದ್ರ ಸರ್ಕಾರ 2021ರಲ್ಲಿ ಯೋಜನೆ ಮಾಡಿದೆ. ನಾಯಿಗಳಿಗೆ ಲಸಿಕೆ ಹಾಕುವ ಕೆಲಸದಿಂದ ಒಂದು ರೂಪಾಯಿ ತೆಗೆದು ಬಾವಲಿಗೆ ಹಾಕಿ ಎಂದು ನಾನು ಕೇಳುವುದಿಲ್ಲ.

ಆದರೆ ರೇಬಿಸ್ ವೈರಸ್ ಒಂಟಿ ಅಲ್ಲ. ಅದರದ್ದೊಂದು ದೊಡ್ಡ ಕುಟುಂಬವೇ ಇದೆ, ಲಿಸ್ಸಾವೈರಸ್ ಎನ್ನುತ್ತಾರೆ. ಆ ಕುಟುಂಬದ ಹೆಚ್ಚಿನವು ಇರುವುದು ಬಾವಲಿಗಳಲ್ಲಿ. ಯಾವುದೇ ಒಂದು ಮನುಷ್ಯನಿಗೆ ಬಂದರೂ ಕಾಯಿಲೆ ರೇಬಿಸ್‌ನ ಹಾಗೆಯೇ, ಕೊನೆಯೂ ಹಾಗೆಯೇ. ಆಸ್ಟ್ರೇಲಿಯಾದಲ್ಲಿ ನಾಯಿ ರೇಬಿಸ್ ಇಲ್ಲವೇ ಇಲ್ಲ. ಆದರೂ 1996ರಲ್ಲಿ ಅಲ್ಲಿನ ಬಾವಲಿಗಳಲ್ಲಿ ಇಂಥ ವೈರಸ್ ಸಿಕ್ಕಿತು. ಅಂದಿನಿಂದ 2025ರವರೆಗೆ ನಾಲ್ಕು ಜನ ಅದರಿಂದ ಸತ್ತಿದ್ದಾರೆ. 2002ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಾವಲಿಗಳ ರಕ್ಷಣೆಗೆ ದುಡಿಯುತ್ತಿದ್ದ ಒಬ್ಬರು ಬಾವಲಿ ಕಚ್ಚಿ ತೀರಿಕೊಂಡರು. ಅವರು ಲಸಿಕೆ ಹಾಕಿಸಿಕೊಂಡಿರಲಿಲ್ಲ.

ಅವೆಲ್ಲ ದೂರದ ಮಾತು ಎನ್ನಬಹುದು. ಶ್ರೀಲಂಕಾ ದೂರ ಅಲ್ಲ. ಕ್ಯಾಂಡಿ ಹತ್ತಿರ ಗನ್ನೊರುವ ಎಂಬ ಊರಿದೆ. ಆ ಕಡೆ ಸಿಕ್ಕಿದ ಬಾವಲಿಗಳ ಮೆದುಳಿನಲ್ಲಿ ಹೊಸ ಲಿಸ್ಸಾವೈರಸ್ ಇದ್ದದ್ದು 2016ರಲ್ಲಿ ಪ್ರಕಟವಾಯಿತು. ಅದಕ್ಕೆ ಆ ಊರಿನದೇ ಹೆಸರು. ಯಾವ ಬಾವಲಿ ಗೊತ್ತಾ? ನಮ್ಮ ಗೋಳಿಮರದಲ್ಲಿ ನೇತಾಡುವ ಅದೇ ಜಾತಿಯ ದೊಡ್ಡ ಹಣ್ಣುಬಾವಲಿ. ನಮ್ಮ ದೇಶದ ನಾಗಾಲ್ಯಾಂಡಿನಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನವರು ಬೇರೆ ಜಾತಿಯ ಬಾವಲಿಗಳನ್ನು ಪರೀಕ್ಷಿಸಿದ್ದಾರೆ. ಮೆದುಳಿನಲ್ಲಿ ವೈರಸ್ ಸಿಗಲಿಲ್ಲ. ಕೆಲವುಗಳ ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯ ಸಿಕ್ಕಿತು. ಅಂದರೆ ಆ ಬಾವಲಿಗಳು ಯಾವಾಗಲೋ ಇಂಥ ವೈರಸ್ಸಿಗೆ ಎದುರಾಗಿ ಬದುಕಿ ಉಳಿದಿವೆ. ಇದು 2017ರ ಮಾತು.

ಇನ್ನೊಂದು ವಿಷಯ ಕೇಳಿ ನನಗೆ ನಿಜಕ್ಕೂ ಭಯವಾಯಿತು. ರೇಬಿಸ್ ಪತ್ತೆಗೆ ಮೆದುಳಿನ ತುಣುಕಿನ ಮೇಲೆ ಮಾಡುವ ಮುಖ್ಯ ಪರೀಕ್ಷೆ ಈ ಕುಟುಂಬದ ಯಾವ ವೈರಸ್ಸಿದ್ದರೂ "ಇದೆ" ಎನ್ನುತ್ತದೆ. ಯಾವುದು ಎಂದು ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ವೈರಸ್ಸಿನ ವಂಶವಾಹಿಯನ್ನು ಓದಬೇಕು. ನಾಳೆ ನಮ್ಮಲ್ಲೇ ಯಾರಾದರೂ ಬಾವಲಿಯ ವೈರಸ್ಸಿನಿಂದ ಸತ್ತರೂ, ಎಲ್ಲೋ ಒಂದು ಬೀದಿನಾಯಿಯ ಲೆಕ್ಕಕ್ಕೆ ಬರೆದು ಮುಚ್ಚಿಬಿಡಬಹುದು ಅಲ್ವಾ?

ಸಮಾಧಾನದ ಮಾತೂ ಇದೆ, ಅದನ್ನೂ ಜನರಿಗೆ ಹೇಳಬೇಕು. ಗನ್ನೊರುವದ್ದು, ಆಸ್ಟ್ರೇಲಿಯಾದ್ದು, ಯುರೋಪಿನ ಬಾವಲಿಗಳದ್ದು, ಇವೆಲ್ಲ ರೇಬಿಸ್‌ಗೆ ಹತ್ತಿರದ ನೆಂಟರು. ಈಗಿರುವ ಲಸಿಕೆಯೇ ಇವುಗಳಿಗೂ ಕೆಲಸ ಮಾಡುತ್ತದೆ. ಆಫ್ರಿಕಾದ ಕೆಲವು ದೂರದ ವೈರಸ್‌ಗಳಿಗೆ ಸಾಲುವುದಿಲ್ಲ. ನಮ್ಮ ಬಾವಲಿಗಳಲ್ಲಿ ಏನಾದರೂ ಇದ್ದರೆ ಅದು ಯಾವ ಕಡೆಯದ್ದು ಎಂದು ತಿಳಿಯುವುದು ಅದಕ್ಕೇ ಮುಖ್ಯ.

ಇಷ್ಟು ಹೇಳಿದ ಮೇಲೆ ನನ್ನ ದೊಡ್ಡ ಭಯವನ್ನೂ ಹೇಳಿಬಿಡುತ್ತೇನೆ. ಈ ಪತ್ರ ಓದಿ ಯಾರಾದರೂ ಕೊಡಲಿ ತೆಗೆದುಕೊಂಡು ಬಾವಲಿ ಮರದ ಕಡೆ ಹೋಗಬಾರದು. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡು, ಮಲಪ್ಪುರಂ ಕಡೆ ಬಾವಲಿಯಿಂದ ಬರುವ ನಿಪಾ ಕಾಯಿಲೆ ಹರಡಿ 17 ಜನ ಸತ್ತಾಗ ನಮ್ಮ ಊರಲ್ಲಿ ನಡೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಗೋಳಿಮರದ ಅಡಿಯಲ್ಲಿ ಪಟಾಕಿ ಹೊಡೆದರು. ಮರವನ್ನೇ ಕಡಿಯೋಣ ಎಂದರು. ನಾಗಬನದ ಮರ ಎನ್ನುವ ಒಂದೇ ಕಾರಣಕ್ಕೆ ಅದು ಉಳಿಯಿತು. ಮರಿ ಎದೆಗೆ ಕಚ್ಚಿಕೊಂಡಿದ್ದ ತಾಯಿ ಬಾವಲಿಗಳು ನಡುಹಗಲಿನಲ್ಲಿ ದಿಕ್ಕು ತೋಚದೆ ಹಾರಿದವು. ಎರಡು ಮೂರು ಮರಿ ಕೆಳಗೆ ಬಿದ್ದವು. ಅವುಗಳನ್ನು ಎತ್ತಿ ಬಿಸಾಡಿದ್ದು ಬರಿಗೈಯಲ್ಲಿ! ಯಾವುದರಿಂದ ದೂರ ಇರಬೇಕು ಎಂದು ಗಲಾಟೆ ಮಾಡಿದರೋ ಅದನ್ನೇ ಕೈಯಲ್ಲಿ ಮುಟ್ಟಿದರು.

ಆ ಸಲ ಕೇರಳದಲ್ಲಿ ಮೊದಲು ಬಾವಿಯಲ್ಲಿ ಸಿಕ್ಕಿದ ಬಾವಲಿಗಳನ್ನು ಅನುಮಾನಪಟ್ಟರು. ಪರೀಕ್ಷೆಯಲ್ಲಿ ಅವುಗಳದ್ದು ನೆಗೆಟಿವ್ ಬಂತು. ಆಮೇಲೆ ವೈರಸ್ ಸಿಕ್ಕಿದ್ದು ಹಣ್ಣುಬಾವಲಿಗಳಲ್ಲಿ. ಪರೀಕ್ಷೆ ಇದ್ದದ್ದರಿಂದ ಅದು ಗೊತ್ತಾಯಿತು. ಮನುಷ್ಯರ ಮಾದರಿಯಲ್ಲಿ ನಿಪಾವನ್ನು ಮೊದಲು ಗುರುತಿಸಿದ್ದು ನಮ್ಮ ಮಣಿಪಾಲದ ಪ್ರಯೋಗಾಲಯ ಎಂದು ನಾವೆಲ್ಲ ಹೆಮ್ಮೆಪಟ್ಟಿದ್ದೆವು.

ಬಾವಲಿ ಕೊಂದರೆ ಕಾಯಿಲೆ ಹೋಗುವುದಿಲ್ಲ. ಪೆರು ದೇಶದಲ್ಲಿ ರಕ್ತ ಹೀರುವ ಬಾವಲಿಗಳನ್ನು ವರ್ಷಗಟ್ಟಲೆ ಕೊಂದು ನೋಡಿದ್ದಾರೆ. ಕಾಯಿಲೆ ಬಂದ ಮೇಲೆ ಕೊಂದ ಕಡೆ ರೇಬಿಸ್ ಹರಡುವುದು ಕಡಿಮೆ ಆಗಲಿಲ್ಲ. (ಅಂಥ ರಕ್ತ ಹೀರುವ ಬಾವಲಿ ನಮ್ಮ ದೇಶದಲ್ಲಿ ಇಲ್ಲ. ಮಕ್ಕಳನ್ನು ಹೆದರಿಸುವುದಕ್ಕೆ ಹೇಳುವ ಆ ಕಥೆಯನ್ನು ಇನ್ನಾದರೂ ಬಿಡೋಣ.) ನಮ್ಮ ಹಂಚಿನ ಸಂದಿಯಲ್ಲಿ ಇರುವ ಸಣ್ಣ ಬಾವಲಿಗಳು ರಾತ್ರಿಯಿಡೀ ಸೊಳ್ಳೆ, ಗದ್ದೆಯ ಹುಳ ತಿನ್ನುತ್ತವೆ. ದೊಡ್ಡವು ಎಲ್ಲಿಂದ ಎಲ್ಲಿಗೋ ಬೀಜ ಸಾಗಿಸುತ್ತವೆ. ದೊಡ್ಡ ಬಾವಲಿ ವರ್ಷಕ್ಕೆ ಹೆರುವುದು ಒಂದೇ ಮರಿ. ಒಮ್ಮೆ ಕೊಂದರೆ ಮತ್ತೆ ತುಂಬುವುದು ಸುಲಭ ಅಲ್ಲ. ಎಷ್ಟೋ ವರ್ಷ ನಮ್ಮ ಕಾನೂನು ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆ ಪೀಡೆಯ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು.

ಕೊಲ್ಲದೆ ತಿಳಿದುಕೊಳ್ಳುವುದು ಹೇಗೆ? ಬ್ರಿಟನ್ನಿನಲ್ಲಿ 1980ರ ದಶಕದಿಂದ ಒಂದು ಸರಳ ಕ್ರಮ ಇದೆ. ಸತ್ತ ಬಾವಲಿ ಸಿಕ್ಕಿದವರು ಅದನ್ನು ಸರ್ಕಾರದ ಪ್ರಯೋಗಾಲಯಕ್ಕೆ ತಲುಪಿಸುತ್ತಾರೆ. ಬಾವಲಿ ಪ್ರೀತಿಸುವ ಸಂಘದವರೇ ಇದರಲ್ಲಿ ಮುಂದೆ. ಹೀಗೆ 15,000ಕ್ಕೂ ಜಾಸ್ತಿ ಬಾವಲಿಗಳನ್ನು ಪರೀಕ್ಷಿಸಿದ್ದಾರೆ. ವೈರಸ್ ಸಿಕ್ಕಿದ್ದು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ, ಅದೂ ಎರಡು ಜಾತಿಗಳಲ್ಲಿ. ಯಾವ ಜಾತಿ, ಯಾವ ಊರು ಎಂದು ಅವರ ಹತ್ತಿರ ಪಟ್ಟಿ ಇದೆ. ಜೀವಂತ ಬಾವಲಿಯನ್ನು ಬಲೆಯಲ್ಲಿ ಹಿಡಿದು, ಬಾಯಿಯ ಎಂಜಲು, ಒಂದೆರಡು ಹನಿ ರಕ್ತ ತೆಗೆದು ಬಿಟ್ಟುಬಿಡುವ ಕ್ರಮವೂ ಇದೆ.

ಬ್ರಿಟನ್ ಯಾಕೆ, ನಮ್ಮ ಜಿಲ್ಲೆಯಲ್ಲೇ ಮಾದರಿ ಇದೆ. ಮಂಗನ ಕಾಯಿಲೆ! 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಂಡ ಆ ಕಾಯಿಲೆಗಾಗಿ, ಕಾಡಿನಲ್ಲಿ ಮಂಗ ಸತ್ತರೆ ಏನು ಮಾಡಬೇಕು ಎಂದು ಇವತ್ತು ಘಟ್ಟದ ಬುಡದ ಶಾಲೆ ಮಕ್ಕಳಿಗೂ ಗೊತ್ತು. 2019ರಲ್ಲಿ ಕುಂದಾಪುರದ ಕಡೆ ಮಂಗಗಳು ಸತ್ತಾಗ ಆರೋಗ್ಯ, ಪಶುಪಾಲನೆ, ಅರಣ್ಯ, ಮೂರೂ ಇಲಾಖೆಯವರು ಒಟ್ಟಿಗೆ ಬಂದರು. ಮಾದರಿ ತೆಗೆದರು, ಹೆಣ ಸುಟ್ಟರು, ಕಾಯಿಲೆ ಹರಡುವ ಉಣ್ಣಿ ಸಾಯಲೆಂದು ಸುತ್ತ ಹುಡಿ ಹಾಕಿದರು, ಉಣ್ಣಿ ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯನ್ನು ಜನರಿಗೆ ಹಂಚಿದರು. ಯಾರೂ "ಇದು ನಮ್ಮದಲ್ಲ" ಎನ್ನಲಿಲ್ಲ. ಮಂಗಗಳನ್ನು ಕೊಲ್ಲಿ ಎಂದೂ ಹೇಳಲಿಲ್ಲ. ಸತ್ತ ಮಂಗ ನಮಗೆ ಮುನ್ಸೂಚನೆ ಎಂದು ತಿಳಿದು ನಡೆದುಕೊಂಡರು. ಆ ವ್ಯವಸ್ಥೆ ಕಟ್ಟಿದ ಇಲಾಖೆಗಳೇ ಈ ಪತ್ರ ಓದುತ್ತಿರುವುದು. ಸತ್ತ ಮಂಗಕ್ಕೆ ಇರುವ ದಾರಿ ಸತ್ತ ಬಾವಲಿಗೂ ಇರಲಿ. ನನ್ನ ಬೇಡಿಕೆ ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ಮೊದಲು ಬೇಕಾದ್ದು ಒಂದು ಫೋನ್ ನಂಬರು, ಅದರ ಹಿಂದೆ ಒಬ್ಬ ಅಧಿಕಾರಿ. ಮೂರು ಇಲಾಖೆಗಳಲ್ಲಿ ಯಾವುದು ಎಂದು ತಾವೇ ಕುಳಿತು ತೀರ್ಮಾನಿಸಿ. ಹಗಲು ನೆಲಕ್ಕೆ ಬಿದ್ದ, ತೆವಳುವ, ಸತ್ತ ಬಾವಲಿ ಕಂಡರೆ ಅಲ್ಲಿಗೆ ಹೇಳಬೇಕು. ಅವರು ಬಂದು ಕೈಗವಸು ಹಾಕಿ ಎತ್ತಿಕೊಂಡು ಹೋಗಬೇಕು. ತಾಲೂಕು ಪಶು ಆಸ್ಪತ್ರೆಯಲ್ಲಿ ಅದಕ್ಕೆಂದೇ ಒಂದು ಸಣ್ಣ ಫ್ರೀಜರ್ ಇದ್ದರೆ ಸಾಕು. ಪರೀಕ್ಷೆಗೆ ಹೊಸ ಕಟ್ಟಡ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೇಬಿಸ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ ಕೇಂದ್ರ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬಿಸ್ ಪತ್ತೆಯ ಪ್ರಯೋಗಾಲಯ ಇದೆ. ಮಲ್ಪೆಯ ಅಂಜಲ್ ಮೀನು ಐಸ್ ಪೆಟ್ಟಿಗೆಯಲ್ಲಿ ಕೂತು ಬೆಳಗಾಗುವುದರೊಳಗೆ ಬೆಂಗಳೂರು ಸೇರುತ್ತದೆ. ಸೋರದ ಹಾಗೆ ಮೂರು ಪದರದಲ್ಲಿ ಕಟ್ಟಿದ ಮಾದರಿಯೂ ಸೇರಬಹುದು. ಪಾಸಿಟಿವ್ ಬಂದರೆ ಯಾವ ವೈರಸ್ ಎಂದೂ ನೋಡಿಸಿ. ಫಲಿತಾಂಶವನ್ನು ಬಾವಲಿ ಕೊಟ್ಟವರಿಗೆ ತಿಳಿಸಿ. ನೆಗೆಟಿವ್ ಬಂದರೂ ತಿಳಿಸಿ. ಮನೆಯಲ್ಲಿ ಕಚ್ಚಿಸಿಕೊಂಡ ಮಗು ಇದ್ದಾಗ ಆ ಒಂದು ಫೋನ್‌ಗೆ ಎಷ್ಟು ಬೆಲೆ ಎಂದು ನನಗೆ ಗೊತ್ತು.

ಎರಡನೆಯದು ಆಸ್ಪತ್ರೆಗಳ ವಿಷಯ. ಬಾವಲಿ ಕಚ್ಚಿದರೆ, ಪರಚಿದರೆ, ಜೊಲ್ಲು ತಾಗಿದರೆ ಏನು ಮಾಡಬೇಕು ಎಂದು ಸರ್ಕಾರಿ, ಖಾಸಗಿ ಎಲ್ಲ ವೈದ್ಯರಿಗೂ ಒಂದೇ ಸುತ್ತೋಲೆ ಕಳಿಸಿ. ತಜ್ಞರನ್ನು ಕೇಳಿ ಅದನ್ನು ಬರೆಯಿಸಿ. ಬಾವಲಿಯ ಹಲ್ಲು ಸಣ್ಣದು, ಗಾಯ ಕಣ್ಣಿಗೆ ಕಾಣದೆ ಹೋಗಬಹುದು ಎಂದು ಅದರಲ್ಲಿ ಇರಲೇಬೇಕು.

ಬಾವಲಿಗೆ ದಿನಾ ಹತ್ತಿರ ಇರುವವರನ್ನೂ ನೆನಪಿಸಿಕೊಳ್ಳಿ. ಮಳೆಗಾಲದ ಮೊದಲು ಹಂಚು ತೆಗೆದು ಇಡುವವರು, ಅಡಿಕೆ ತೆಂಗಿನ ಮರ ಹತ್ತುವವರು, ಹಳೆ ಬಾವಿಗೆ ಇಳಿಯುವವರು, ಗಾಯಗೊಂಡ ಪ್ರಾಣಿ ಪಕ್ಷಿ ರಕ್ಷಿಸುವ ಹುಡುಗರು, ಅರಣ್ಯದ ಗಾರ್ಡುಗಳು. ದಮ್ಮಿಗೆ ಒಳ್ಳೆಯದು ಎಂದು ಬಾವಲಿ ಹೊಡೆದು ತಿನ್ನುವವರೂ ನಮ್ಮ ನಡುವೆ ಇದ್ದಾರೆ, ಅವರ ಜೊತೆ ಕೂತು ಮಾತಾಡಬೇಕು. ರಕ್ಷಣೆ ಮಾಡುವವರಿಗೆ ಮತ್ತು ಅರಣ್ಯ ಸಿಬ್ಬಂದಿಗೆ ಮುಂಚಿತವಾಗಿಯೇ ಲಸಿಕೆ ಹಾಕಿಸಿ. ಬಾವಲಿ ಮರಗಳು ಎಲ್ಲೆಲ್ಲಿ ಇವೆ ಎಂದು ಅರಣ್ಯ ಇಲಾಖೆ ಪಟ್ಟಿ ಮಾಡಲಿ, ಸಂಶೋಧಕರು ಅಲ್ಲಿಂದ ವರ್ಷಕ್ಕೆ ಎರಡು ಸಲವಾದರೂ ಮಾದರಿ ತೆಗೆಯುವಂತೆ ಆಗಲಿ. ಜೊತೆಗೆ, ಮರ ಕಡಿಯುವುದು, ಪಟಾಕಿ ಹೊಡೆಯುವುದು ತಪ್ಪು ಎಂದು ನಿಮ್ಮ ಸಹಿ ಹಾಕಿ ಹೇಳಿ. ನಾವು ಹೇಳಿದರೆ ಕೇಳುವುದಿಲ್ಲ, ಜಿಲ್ಲಾಧಿಕಾರಿ ಹೇಳಿದರೆ ಕೇಳುತ್ತಾರೆ.

ಶಾಲೆಗಳಿಗೆ ದೊಡ್ಡ ಕಾರ್ಯಕ್ರಮ ಬೇಡ. ಬಿದ್ದ ಬಾವಲಿಯನ್ನು ಮುಟ್ಟಬೇಡ, ದೊಡ್ಡವರಿಗೆ ಹೇಳು, ಕಚ್ಚಿದರೆ ಮುಚ್ಚಿಡಬೇಡ, ಸಾಬೂನು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗು. ಬೇಸಿಗೆ ರಜೆ ಕೊಡುವ ದಿನ ಟೀಚರು ಇಷ್ಟು ಹೇಳಿದರೆ ಸಾಕು. ನಮ್ಮ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಅವನು ನೀರು ಕುಡಿಸಲು ಹೋದದ್ದು ತಪ್ಪು ಎಂದು ನನಗೆ ಇವತ್ತಿಗೂ ಅವನನ್ನು ಬೈಯಲು ಆಗಿಲ್ಲ.

ತಾವು ಕರೆದರೆ ನಾನು ಬರುತ್ತೇನೆ. ಗೋಳಿಮರ ತೋರಿಸುತ್ತೇನೆ. ಸಂಜೆ ಎಣಿಸುವುದಿದ್ದರೆ ಅಂಗಳದಲ್ಲಿ ಕುರ್ಚಿ ಹಾಕಿಕೊಡುತ್ತೇನೆ. ಮುಂದಿನ ಬೇಸಿಗೆ ರಜೆಗೆ ಮೊಮ್ಮಗ ಬರುವ ಮೊದಲು ಆ ಫೋನ್ ನಂಬರು ಕೊಡಿ. ನಮ್ಮ ಚಾವಡಿಯ ಕ್ಯಾಲೆಂಡರಿನಲ್ಲಿ ಆ್ಯಂಬುಲೆನ್ಸ್ ನಂಬರಿನ ಕೆಳಗೆ ಅದಕ್ಕೆ ಜಾಗ ಬಿಟ್ಟಿದ್ದೇನೆ.

ಇಂತಿ,
ತಮ್ಮ ವಿಶ್ವಾಸಿ,
ಕಾರ್ಕಳ ತಾಲೂಕಿನ ಒಬ್ಬ ಕೃಷಿಕ